ಚಿಕ್ಕ ಕಾರಿಗೆ ಹೊಸ ಟೈರ್ ಹಾಕಿಸುವ ಮೊದಲು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸ ಹಾಸನದಲ್ಲಿ, ಮನೆ ಪುತ್ತೂರಿನಲ್ಲಿ. ತಿಂಗಳಿಗೆ ಒಂದೆರಡು ಸಲ ಶಿರಾಡಿ ಘಾಟಿ ಇಳಿದು ಹತ್ತುವ 2019ರ ವ್ಯಾಗನ್ ಆರ್ ನನ್ನದು. ಲಕ್ಷ ಕಿಲೋಮೀಟರ್ ದಾಟಿದೆ, ಈಗ ಮೂರನೇ ಸೆಟ್ ಟೈರ್ ಓಡುತ್ತಿದೆ. ಎರಡನೇ ಸೆಟ್ ತೆಗೆದುಕೊಳ್ಳುವಾಗ ಮೋಸ ಹೋದೆ. ಆ ಸಿಟ್ಟಿಗೆ ಓದಿ, ಕೇಳಿ, ಅಳೆದು ತಿಳಿದುಕೊಂಡೆ. ಆಮೇಲೆ ಆಫೀಸಿನಲ್ಲಿ ಯಾರ ಕಾರಿನ ಟೈರ್ ಸವೆದರೂ ನನ್ನ ಮೇಜಿನ ಹತ್ತಿರ ಬರುವುದು ರೂಢಿಯಾಯಿತು. ಅವರೆಲ್ಲ ಕೇಳಿದ್ದು ಇಲ್ಲಿದೆ, ಅವರು ಕೇಳಿದ ಧಾಟಿಯಲ್ಲೇ.

ಟೈರ್ ಬದಲಾಯಿಸುವ ಕಾಲ ಬಂತು ಅಂತ ಹೇಗೆ ಗೊತ್ತಾಗುತ್ತೆ?

ಟೈರಿನ ಮೇಲಿನ ಉದ್ದ ಕಾಲುವೆಗಳ ಒಳಗೆ ಬೆರಳು ಆಡಿಸಿ. ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ರಬ್ಬರ್ ದಿಬ್ಬ ಸಿಗುತ್ತದೆ. ಎಲ್ಲಿದೆ ಎಂದು ಹುಡುಕಲು ಟೈರಿನ ಅಂಚಿನಲ್ಲಿ ‘ಟಿಡಬ್ಲ್ಯುಐ’ ಅಂತಲೋ ಪುಟ್ಟ ತ್ರಿಕೋನವೋ ಇರುತ್ತದೆ. ಆ ದಿಬ್ಬದ ಎತ್ತರ 1.6 ಮಿ.ಮೀ. ಸುತ್ತಲಿನ ರಬ್ಬರ್ ಸವೆದು ದಿಬ್ಬದ ಮಟ್ಟಕ್ಕೆ ಬಂತೆಂದರೆ ಕಾನೂನಿನ ಪ್ರಕಾರವೂ ಆ ಟೈರಿನ ಆಯಸ್ಸು ಮುಗಿಯಿತು. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಕಾರಿಗೆ ಹೇಳಿರುವ ಕನಿಷ್ಠ ಆಳ ಅದೇ.

ಆದರೆ ಮಲೆನಾಡು, ಕರಾವಳಿಯಲ್ಲಿ ಓಡಿಸುವವರು 1.6ರವರೆಗೆ ಕಾಯುವುದು ಬೇಡ ಅನ್ನುವುದು ನನ್ನ ಮಾತು. ಹೊಸ ಟೈರಿನಲ್ಲಿ ಕಾಲುವೆ ಏಳೆಂಟು ಮಿ.ಮೀ. ಆಳ ಇರುತ್ತದೆ. ಅದು ಇರುವುದೇ ನೀರು ಹೊರಗೆ ಹಾಕಲಿಕ್ಕೆ. ಮೂರಕ್ಕೆ ಇಳಿಯುವ ಹೊತ್ತಿಗೆ ಒಣ ರಸ್ತೆಯಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ, ಆದರೆ ಜುಲೈ ಮಳೆಯಲ್ಲಿ ಬ್ರೇಕ್ ಒತ್ತಿದಾಗ ಗೊತ್ತಾಗುತ್ತದೆ. ನಾನು ಮೂರು ಮಿ.ಮೀ.ಗೇ ಬದಲಾಯಿಸುತ್ತೇನೆ, ಅದೂ ಮೇ ತಿಂಗಳಲ್ಲಿ.

ಸವೆತ ಒಂದೇ ಲೆಕ್ಕವಲ್ಲ. ಟೈರಿನ ಮಗ್ಗುಲಲ್ಲಿ ಉಬ್ಬು ಬಂದಿದ್ದರೆ, ಒಳಗಿನ ದಾರ ಕಾಣುವಷ್ಟು ಸೀಳಿದ್ದರೆ, ಒಣಗಿದ ಕೆರೆಯಂತೆ ಬಿರುಕು ಬಿಟ್ಟಿದ್ದರೆ ಕಾಲುವೆ ಎಷ್ಟೇ ಆಳವಿದ್ದರೂ ಅದು ಹೋದ ಹಾಗೆ. ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ಹೊರಗೇ ನಿಲ್ಲುವ, ಕಡಿಮೆ ಓಡುವ ಕಾರುಗಳ ಟೈರ್ ಸವೆಯುವುದಕ್ಕಿಂತ ಮೊದಲು ಹೀಗೆ ಒಣಗುತ್ತದೆ.

ಟೈರ್ ಮೇಲೆ 155/80 ಆರ್13 79 ಎಸ್ ಅಂತ ಬರೆದಿದೆ. ಇದೇನು?

ಇದನ್ನು ಓದಲು ಬಂದರೆ ಅರ್ಧ ಕೆಲಸ ಮುಗಿಯಿತು. 155 ಅಂದರೆ ಟೈರಿನ ಅಗಲ, ಮಿ.ಮೀ. ಲೆಕ್ಕದಲ್ಲಿ. 80 ಅಂದರೆ ಮಗ್ಗುಲಿನ ಎತ್ತರ ಆ ಅಗಲದ ಶೇ. 80ರಷ್ಟು, ಅಂದರೆ 124 ಮಿ.ಮೀ. ‘ಆರ್’ ಅಂದರೆ ರೇಡಿಯಲ್, ಒಳಗಿನ ದಾರಗಳು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರವಾಗಿ ಹಾಯುವ ಬಗೆ. 13 ಅಂದರೆ ರಿಮ್ಮಿನ ಅಳತೆ, ಇಂಚಿನಲ್ಲಿ. ಒಂದೇ ಟೈರಿನಲ್ಲಿ ಮಿಲಿಮೀಟರೂ ಇಂಚೂ ಹೇಗೆ ಸಂಸಾರ ಮಾಡುತ್ತಿವೆಯೋ ದೇವರಿಗೇ ಗೊತ್ತು.

ಜನ ನೋಡದೆ ಬಿಡುವುದು ಕೊನೆಯ ಎರಡನ್ನು. 79 ಅನ್ನುವುದು ಭಾರದ ಸಂಕೇತ: ಒಂದು ಟೈರ್ 437 ಕೆ.ಜಿ. ಹೊರಬಲ್ಲದು. 75 ಇದ್ದರೆ 387 ಕೆ.ಜಿ., 85 ಇದ್ದರೆ 515, 88 ಇದ್ದರೆ 560. ‘ಎಸ್’ ಅನ್ನುವುದು ವೇಗದ ಮಿತಿ, ಗಂಟೆಗೆ 180 ಕಿ.ಮೀ. ‘ಟಿ’ 190, ‘ಎಚ್’ 210. ನಮ್ಮ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೇ ಮಿತಿ ನೂರು, ಹಾಗಾಗಿ ವೇಗದ ಅಕ್ಷರದ ಬಗ್ಗೆ ತಲೆಬಿಸಿ ಬೇಡ ಅನ್ನಿಸಬಹುದು. ಆದರೂ ನಿಯಮ ಸರಳ: ಕಂಪನಿ ಕೊಟ್ಟ ಭಾರದ ಅಂಕಿ, ವೇಗದ ಅಕ್ಷರ ಎರಡರಲ್ಲೂ ಮೇಲಕ್ಕೆ ಹೋಗಬಹುದು, ಕೆಳಕ್ಕೆ ಇಳಿಯಬಾರದು. ಸಿಎನ್‌ಜಿ ಸಿಲಿಂಡರ್ ಹೊತ್ತ ಕಾರಿದ್ದರೆ ಭಾರದ ಅಂಕಿಯನ್ನು ಎರಡು ಸಲ ನೋಡಿ.

ನಿಮ್ಮ ಕಾರಿನ ಸರಿಯಾದ ಸೈಜ್ ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಅಥವಾ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಸಿಗುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಈಗ ಹಾಕಿರುವ ಟೈರ್ ನೋಡಿ ಅದೇ ಸೈಜ್ ಕೇಳಬೇಡಿ. ಹಿಂದಿನ ಮಾಲೀಕ ಏನು ಹಾಕಿಸಿದ್ದನೋ!

ಸ್ವಲ್ಪ ಅಗಲದ ಟೈರ್ ಹಾಕಿಸಿದರೆ ಕಾರು ಚೆನ್ನಾಗಿ ಕಾಣುತ್ತೆ, ಗ್ರಿಪ್ಪೂ ಜಾಸ್ತಿ ಅಲ್ವಾ?

ಚೆನ್ನಾಗಿ ಕಾಣುತ್ತದೆ, ನಿಜ. ಗ್ರಿಪ್ ಕೂಡ ಒಣ ರಸ್ತೆಯಲ್ಲಿ ಒಂದಿಷ್ಟು ಹೆಚ್ಚು. ಆದರೆ ಚಿಕ್ಕ ಕಾರಿನ ಎಂಜಿನ್ ಲೆಕ್ಕ ಹಾಕಿ ಇಟ್ಟ ಸಂಬಳದ ಹಾಗೆ, ಹೆಚ್ಚಿಗೆ ಖರ್ಚಿಗೆ ಅಲ್ಲಿ ಜಾಗವಿಲ್ಲ. ಟೈರ್ ಭಾರವಾದರೆ ಪಿಕಪ್ ಕುಗ್ಗುತ್ತದೆ, ಮೈಲೇಜ್ ಇಳಿಯುತ್ತದೆ. ಅಗಲದ ಟೈರ್ ನಿಂತ ನೀರಿನ ಮೇಲೆ ಬೇಗ ತೇಲುತ್ತದೆ ಅನ್ನುವುದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಲೆಕ್ಕ ಹೀಗೆ. ನನ್ನ 155/80 ಆರ್13 ಟೈರಿನ ಒಟ್ಟು ಎತ್ತರ 578 ಮಿ.ಮೀ. ಅದೇ ರಿಮ್ಮಿಗೆ 165/80 ಹಾಕಿದರೆ 594. ನೆಲದಿಂದ ಕಾರು 8 ಮಿ.ಮೀ. ಮೇಲೇಳುತ್ತದೆ, ಹಂಪ್ ದಾಟುವಾಗ ಖುಷಿ. ಆದರೆ ಚಕ್ರ ಒಂದು ಸುತ್ತಿಗೆ ಶೇ. 2.8ರಷ್ಟು ಹೆಚ್ಚು ದೂರ ಹೋಗುತ್ತದೆ, ಮೀಟರ್ ಮಾತ್ರ ಹಳೆಯ ಲೆಕ್ಕವನ್ನೇ ತೋರಿಸುತ್ತದೆ. ಘಾಟಿಯಲ್ಲಿ ಎರಡನೇ ಗೇರಿಗೆ ಇಳಿಸುವ ಜಾಗಗಳೂ ಹೆಚ್ಚಾಗುತ್ತವೆ. ಒಟ್ಟು ಎತ್ತರದ ವ್ಯತ್ಯಾಸ ಶೇ. ಎರಡರೊಳಗೆ ಇರಲಿ ಅನ್ನುವುದು ನನ್ನ ಗೆರೆ.

ಕಂಪನಿಯೇ ಎರಡು ಸೈಜ್ ಕೊಡುವ ಕಾರುಗಳಲ್ಲಿ ದಾರಿ ಸುಲಭ. 2018ರ ಸ್ವಿಫ್ಟ್‌ನಲ್ಲಿ ಕಡಿಮೆ ಬೆಲೆಯ ಮಾದರಿಗೆ 165/80 ಆರ್14, ಮೇಲಿನದಕ್ಕೆ 185/65 ಆರ್15. ಮೊದಲನೆಯದರ ಎತ್ತರ 620, ಎರಡನೆಯದು 622. ಹೆಚ್ಚುಕಡಿಮೆ ಒಂದೇ. ರಿಮ್ ಸಮೇತ ಬದಲಾಯಿಸಿದರೆ ತೊಂದರೆಯಿಲ್ಲ. ನಮ್ಮ ಭಾವ ಅಷ್ಟಕ್ಕೆ ತೃಪ್ತರಾಗದೆ ಅಲಾಯ್ ಜೊತೆ 195/65 ಹಾಕಿಸಿದರು. ಈಗ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜಿ ‘ಗರ್ರ್’ ಅನ್ನುತ್ತದೆ. ಅಕ್ಕ ಮುಂದಿನ ಸೀಟಿನಲ್ಲಿ ಕೂತು ನಗುತ್ತಾಳೆ, ಭಾವ ರೇಡಿಯೋ ಜೋರು ಮಾಡುತ್ತಾರೆ.

ಯಾವ ಕಂಪನಿ ಒಳ್ಳೇದು?

ಎಲ್ಲರ ಮೊದಲ ಪ್ರಶ್ನೆ ಇದು. ನಾನು ಬೇಕೆಂದೇ ನಾಲ್ಕನೆಯದಾಗಿ ಇಟ್ಟೆ. ಎಂಆರ್‌ಎಫ್, ಅಪೋಲೊ, ಸಿಯೆಟ್, ಜೆಕೆ, ಬ್ರಿಜ್‌ಸ್ಟೋನ್, ಗುಡ್‌ಇಯರ್, ಯೊಕೊಹಾಮಾ, ಮಿಶೆಲಿನ್, ಇವುಗಳಲ್ಲಿ ಯಾವುದೂ ಕೆಟ್ಟ ಕಂಪನಿಯಲ್ಲ. ಒಂದೇ ಕಂಪನಿಯ ಒಂದು ಮಾದರಿ ಕಲ್ಲಿನ ಹಾಗೆ ಬಾಳಿಕೆ ಬರುತ್ತದೆ, ಇನ್ನೊಂದು ಮೆತ್ತಗಿದ್ದು ರಸ್ತೆಯನ್ನು ಹಿಡಿಯುತ್ತದೆ. ಕೇಳಬೇಕಾದದ್ದು ಮಾದರಿಯ ಬಗ್ಗೆ. ಅದಕ್ಕಿಂತ ಮೊದಲು, ನೀವು ಎಲ್ಲಿ ಓಡಿಸುತ್ತೀರಿ ಅನ್ನುವುದರ ಬಗ್ಗೆ.

ಬೆಂಗಳೂರಿನೊಳಗೇ ಆಫೀಸು–ಮನೆ ಅಂತ ಓಡಾಡುವವರಿಗೆ ಗುಂಡಿಯ ಏಟು ತಡೆಯುವ ಗಟ್ಟಿ ಮಗ್ಗುಲು ಮುಖ್ಯ. ಹುಬ್ಬಳ್ಳಿ–ಬೆಂಗಳೂರು ಅಂತ ಹೆದ್ದಾರಿಯಲ್ಲೇ ಇರುವವರಿಗೆ ಸದ್ದು ಕಡಿಮೆ, ಉರುಳುವಾಗ ಎಳೆತ ಕಡಿಮೆ ಇರುವ ಟೈರ್ ಲಾಭ. ಎಳೆತದ ಅಂದಾಜಿಗೆ ಕೆಲವು ಟೈರುಗಳ ಮೇಲೆ ಈಗ ಬಿಇಇ ಸ್ಟಾರ್ ಚೀಟಿ ಬರುತ್ತಿದೆ, ಫ್ರಿಜ್ಜಿನ ಮೇಲೆ ಇರುವಂಥದ್ದೇ. ನಕ್ಷತ್ರ ಹೆಚ್ಚಿದ್ದಷ್ಟೂ ಇಂಧನ ಉಳಿತಾಯ. ಆದರೆ ನಕ್ಷತ್ರಕ್ಕೂ ಮಳೆಯ ಹಿಡಿತಕ್ಕೂ ಸಂಬಂಧ ಕಲ್ಪಿಸಬೇಡಿ, ಅವೆರಡೂ ಬೇರೆ. ನನ್ನಂತೆ ಘಾಟಿ, ಮಳೆ, ಪಾಚಿ ಹಿಡಿದ ಒಳರಸ್ತೆ ಅಂತ ಇರುವವರು ಬಾಳಿಕೆಯಲ್ಲಿ ಐದು ಸಾವಿರ ಕಿ.ಮೀ. ಕಳೆದುಕೊಂಡರೂ ಸರಿ, ಒದ್ದೆಯಲ್ಲಿ ಹಿಡಿಯುವುದನ್ನೇ ಆರಿಸಿ. ‘ಲಕ್ಷ ಓಡುತ್ತೆ ಸಾರ್’ ಅಂತ ಅಂಗಡಿಯವ ಹೇಳಿದರೆ, ಅಷ್ಟು ಗಟ್ಟಿ ರಬ್ಬರ್ ಮಳೆಯಲ್ಲಿ ಹೇಗಪ್ಪಾ ಅಂತ ತಿರುಗಿ ಕೇಳಿ.

ಟೈರಿನ ಮೇಲೆ ಐಎಸ್‌ಐ ಗುರುತು ಇದೆಯೇ ನೋಡಿಕೊಳ್ಳಿ. ಕಾರಿನ ಟೈರಿಗೆ ಅದು ಕಡ್ಡಾಯ, ಐಎಸ್ 15633 ಅನ್ನುವ ಮಾನಕ. ಹೆಸರೇ ಕೇಳದ ಅಗ್ಗದ ಟೈರ್ ತೋರಿಸಿದಾಗ ಮೊದಲು ಹುಡುಕಬೇಕಾದ್ದು ಅದನ್ನೇ.

ನಮ್ಮ ಆಫೀಸಿನಲ್ಲಿ ಮೈಸೂರಿನವರೊಬ್ಬರು ಜೆಕೆ ಬಿಟ್ಟು ಬೇರೆ ಹಾಕಿಸುವುದಿಲ್ಲ. ಕಾರಣ ತಂತ್ರಜ್ಞಾನವಲ್ಲ, ಊರಿನ ವಿಕ್ರಾಂತ್ ಟೈರ್ಸ್ 1997ರಲ್ಲಿ ಜೆಕೆಗೆ ಸೇರಿತು ಅನ್ನುವ ಅಭಿಮಾನ. ಅದೂ ಒಂದು ಕಾರಣವೇ, ನಾನು ವಾದ ಮಾಡಲು ಹೋಗುವುದಿಲ್ಲ.

ಅಂಗಡಿಯವರು ‘ಹೊಸ ಸ್ಟಾಕ್’ ಅಂತಾರೆ. ನಂಬೋದು ಹೇಗೆ?

ನಂಬಬೇಡಿ, ಓದಿ. ಮಗ್ಗುಲಲ್ಲಿ ‘ಡಿಒಟಿ’ ಅಂತ ಶುರುವಾಗುವ ಅಕ್ಷರಸಾಲಿನ ಕೊನೆಗೆ, ಕೆಲವದರಲ್ಲಿ ಪುಟ್ಟ ಉದ್ದುಂಡೆ ಚೌಕಟ್ಟಿನೊಳಗೆ, ನಾಲ್ಕು ಅಂಕಿ ಇರುತ್ತದೆ. 2325 ಅಂತಿದ್ದರೆ 2025ರ 23ನೇ ವಾರದಲ್ಲಿ ತಯಾರಾದದ್ದು, ಅಂದರೆ ಜೂನ್ ಮೊದಲ ಭಾಗ.

ನಾನು ಮೋಸ ಹೋದದ್ದು ಇಲ್ಲೇ. ನಾಲ್ಕು ಟೈರ್, ಒಳ್ಳೆಯ ರಿಯಾಯಿತಿ, ಮೇಲೊಂದು ಟೀ. ಟೈರ್ ಕಪ್ಪಗೆ ಮಿರಮಿರ ಹೊಳೆಯುತ್ತಿತ್ತು. ಮನೆಗೆ ಬಂದು ನೋಡಿದರೆ ಅಂಕಿ ಕಾಣುವುದೇ ಇಲ್ಲ, ಆ ಅಂಕಿ ಟೈರಿನ ಒಂದೇ ಮಗ್ಗುಲಿನಲ್ಲಿ ಇರುತ್ತದೆ, ನಾಲ್ಕರಲ್ಲೂ ಅದು ಒಳಮುಖಕ್ಕೆ ಹೋಗಿತ್ತು. ಕಾರಿನಡಿ ಮಲಗಿ ಮೊಬೈಲ್ ಬೆಳಕು ಬಿಟ್ಟು ಓದಿದೆ. ಎರಡು ಟೈರಿಗೆ ಆಗಲೇ ಎರಡು ವರ್ಷ ಹತ್ತು ತಿಂಗಳು. ಹೊಳಪು ಯಾವುದೋ ಪಾಲಿಷಿನದ್ದು. ಮರುದಿನ ಹೋದರೆ ‘ರೋಡಿಗಿಳಿದ ಟೈರ್ ವಾಪಸ್ ಇಲ್ಲ’.

ಹಾಗಾಗಿ ಟೈರ್ ರಿಮ್ಮಿಗೆ ಏರುವ ಮುಂಚೆ ನಾಲ್ಕರ ಅಂಕಿಯನ್ನೂ ಫೋಟೋ ತೆಗೆಯಿರಿ. ಆರು ತಿಂಗಳೊಳಗಿನದು ಸಿಕ್ಕರೆ ಉತ್ತಮ, ವರ್ಷದೊಳಗಿನದು ಪರವಾಗಿಲ್ಲ. ನೆರಳಲ್ಲಿ ಸರಿಯಾಗಿ ಇಟ್ಟ ಟೈರ್ ಅಷ್ಟು ಬೇಗ ಹಾಳಾಗುವುದಿಲ್ಲ ಅನ್ನುವುದು ನಿಜವೇ. ಆದರೆ ಅದು ನೆರಳಲ್ಲಿತ್ತೋ ತಗಡಿನ ಶೆಡ್ಡಿನಲ್ಲಿತ್ತೋ ನಮಗೆ ಗೊತ್ತಾಗುವುದು ಹೇಗೆ? ಹಳೆಯದಕ್ಕೆ ಹೊಸದರ ಬೆಲೆ ಯಾಕೆ ಕೊಡಬೇಕು?

ನಾಲ್ಕೂ ಒಟ್ಟಿಗೆ ಹಾಕಿಸಲೇಬೇಕಾ? ಸದ್ಯಕ್ಕೆ ಎರಡಕ್ಕೆ ಮಾತ್ರ ದುಡ್ಡಿದೆ.

ಎರಡೇ ಹಾಕಿಸಿ, ತಪ್ಪೇನಿಲ್ಲ. ಒಂದೇ ಆಕ್ಸಲ್‌ಗೆ, ಅಂದರೆ ಮುಂದಿನ ಎರಡಕ್ಕೋ ಹಿಂದಿನ ಎರಡಕ್ಕೋ ಜೋಡಿಯಾಗಿ, ಒಂದೇ ಕಂಪನಿಯ ಒಂದೇ ಮಾದರಿ ಇರಬೇಕು ಅಷ್ಟೇ. ಎಡಕ್ಕೊಂದು ಬಲಕ್ಕೊಂದು ಜಾತಿ ಬೇಡ.

ಜಗಳ ಶುರುವಾಗುವುದು ಮುಂದೆ ಹಾಕಬೇಕೋ ಹಿಂದೆಯೋ ಅನ್ನುವಲ್ಲಿ. ಅಂಗಡಿಯ ಹುಡುಗ ಕೇಳದೆಯೇ ಮುಂದಕ್ಕೆ ಹಾಕುತ್ತಾನೆ. ನಮ್ಮ ಚಿಕ್ಕ ಕಾರುಗಳೆಲ್ಲ ಹೆಚ್ಚಾಗಿ ಮುಂದಿನ ಚಕ್ರದಿಂದಲೇ ಓಡುವಂಥವು. ಎಂಜಿನ್ನಿನ ಭಾರ, ಸ್ಟೇರಿಂಗ್, ಬ್ರೇಕಿನ ಬಹುಪಾಲು ಎಲ್ಲ ಮುಂದೆ. ಹಾಗಾಗಿ ಹೊಸದು ಮುಂದಿರಲಿ ಅನ್ನುವುದು ಅವನ ತರ್ಕ. ಕೇಳಲು ಸರಿ ಅನ್ನಿಸುತ್ತದೆ. ಟೈರ್ ಕಂಪನಿಗಳು ಹೇಳುವುದು ಉಲ್ಟಾ: ಹೊಸ ಜೋಡಿ ಹಿಂದೆ.

ಯಾಕೆಂದರೆ, ಒದ್ದೆ ತಿರುವಿನಲ್ಲಿ ಮುಂದಿನ ಟೈರ್ ಜಾರಿದರೆ ಕಾರು ತಿರುಗದೆ ನೇರಕ್ಕೆ ಎಳೆಯುತ್ತದೆ. ಗಾಬರಿ ಆಗುತ್ತದೆ, ಆದರೆ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ವೇಗ ಇಳಿದು ಹಿಡಿತ ವಾಪಸ್ ಬರುತ್ತದೆ. ನಮ್ಮ ಕಾಲು ತಾನಾಗಿ ಮಾಡುವುದೂ ಅದನ್ನೇ. ಹಿಂದಿನ ಟೈರ್ ಜಾರಿದರೆ ಕಾರಿನ ಬಾಲ ಬೀಸಿಕೊಂಡು ಇಡೀ ಕಾರು ಬುಗುರಿಯಾಗುತ್ತದೆ. ಆಗ ಕಾಲು ತೆಗೆದರೆ ಇನ್ನಷ್ಟು ಕೆಡುತ್ತದೆ. ಅದನ್ನು ಸಂಭಾಳಿಸುವ ಚಾಲಕರು ನೂರಕ್ಕೆ ಎಷ್ಟು ಮಂದಿ? ಶಿರಾಡಿಯಲ್ಲಿ ಗುಂಡ್ಯ ಕಡೆಗೆ ಇಳಿಯುವಾಗ ಒಂದು ಸಂಜೆ ನನ್ನ ಮುಂದಿದ್ದ ಕಾರು ಹಾಗೆ ಅಡ್ಡ ತಿರುಗಿ ನಿಂತದ್ದು ನೋಡಿದ್ದೇನೆ. ಎದುರಿಗೆ ಲಾರಿ ಇರಲಿಲ್ಲ, ಅವರ ಪುಣ್ಯ.

ಆದ್ದರಿಂದ ಹಳೆಯದರಲ್ಲಿ ಅಷ್ಟಿಷ್ಟು ಸವೆದ ಒಳ್ಳೆಯ ಜೋಡಿ ಮುಂದಿರಲಿ, ಹೊಸದು ಹಿಂದಕ್ಕೆ. ಬೋಳಾದದ್ದು ಎಲ್ಲಿಗೂ ಬೇಡ. ಹುಡುಗ ವಾದಿಸಿದರೆ ‘ಅಣ್ಣಾ, ನಾನು ಹೇಳಿದ ಹಾಗೆ ಹಾಕಿಬಿಡಿ’ ಅನ್ನಿ, ಹಾಕುತ್ತಾರೆ.

ಸೆಕೆಂಡ್ ಹ್ಯಾಂಡ್ ಟೈರ್, ರೀಟ್ರೆಡ್ ಮಾಡಿದ್ದು?

ರೀಟ್ರೆಡ್ ಅಂದರೆ ಸವೆದ ಟೈರಿಗೆ ಹೊಸ ರಬ್ಬರ್ ಪದರ ಅಂಟಿಸುವುದು. ಲಾರಿ, ಬಸ್ಸುಗಳಲ್ಲಿ ಅದು ದೊಡ್ಡ ಉದ್ಯಮ, ಅಲ್ಲಿ ಅದಕ್ಕೆ ಅರ್ಥವಿದೆ. ಚಿಕ್ಕ ಕಾರಿಗೆ ಬೇಡ. ಇನ್ನೊಬ್ಬರು ತೆಗೆದುಹಾಕಿದ ಟೈರ್ ಯಾವ ಗುಂಡಿಗೆ ಬಿದ್ದಿತ್ತೋ ಹೊರಗಿನಿಂದ ಕಾಣುವುದಿಲ್ಲ. ಸವೆದ ಟೈರಿಗೆ ಬಿಸಿ ಚಾಕುವಿನಿಂದ ಹೊಸ ಕಾಲುವೆ ಕೊರೆದು ಮಾರುವವರೂ ಇದ್ದಾರೆ. ಅಲ್ಲಿ ಉಳಿದ ರಬ್ಬರ್ ಕಾಗದದಷ್ಟು ತೆಳು.

ಬೆಲೆ ಎಷ್ಟಾಗುತ್ತೆ? ಆನ್‌ಲೈನ್ ಒಳ್ಳೇದಾ, ಅಂಗಡಿಯಾ?

2025ರ ಸೆಪ್ಟೆಂಬರ್ 22ರಿಂದ ಕಾರಿನ ಹೊಸ ಟೈರಿನ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಹಳೆಯ ದರಪಟ್ಟಿ ತೋರಿಸಿದರೆ ಅದನ್ನು ನೆನಪಿಸಿ. ಎರಡು ಮೂರು ಕಡೆ ಫೋನ್ ಮಾಡಿ ‘ಫಿಟ್ಟಿಂಗ್, ವಾಲ್ವ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎಲ್ಲ ಸೇರಿ ಎಷ್ಟು’ ಅಂತ ಕೇಳಿ. ಬ್ಯಾಲೆನ್ಸಿಂಗ್ ಅಂದರೆ ಚಕ್ರದ ಭಾರ ಸುತ್ತಲೂ ಸಮ ಮಾಡುವುದು, ಅಲೈನ್‌ಮೆಂಟ್ ಅಂದರೆ ಚಕ್ರಗಳು ನಿಲ್ಲುವ ಕೋನ ಸರಿ ಮಾಡುವುದು. ಬರೀ ಟೈರಿನ ಬೆಲೆ ಕೇಳಿದರೆ ಕಡಿಮೆ ಹೇಳಿ ಉಳಿದದ್ದರಲ್ಲಿ ವಸೂಲು ಮಾಡುತ್ತಾರೆ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯಲ್ಲಿ ಚೌಕಾಸಿಯ ಸುಖವಿದೆ, ಪಾರ್ಕಿಂಗಿನ ದುಃಖವೂ ಇದೆ. ಆನ್‌ಲೈನ್‌ನಲ್ಲಿ ಬೆಲೆ ಕೆಲವೊಮ್ಮೆ ಕಡಿಮೆ, ಆದರೆ ತಯಾರಾದ ವಾರವನ್ನು ಮೊದಲೇ ನೋಡಲಾಗುವುದಿಲ್ಲ. ಎಲ್ಲೇ ಕೊಂಡರೂ ಜಿಎಸ್‌ಟಿ ಬಿಲ್ ಇಲ್ಲದೆ ಬರಬೇಡಿ, ವಾರಂಟಿ ನಿಂತಿರುವುದೇ ಅದರ ಮೇಲೆ.

ಹಾಕಿಸುವಾಗ ಎದುರು ನಿಂತು ಏನು ನೋಡಬೇಕು?

ಟೀ ಕುಡಿಯಲು ಹೋಗದೆ ನಿಲ್ಲುವುದೇ ಮೊದಲ ಕೆಲಸ. ಹಳೆ ಟೈರ್ ಕಳಚಿದ ಮೇಲೆ ರಿಮ್ಮಿನ ಅಂಚಿಗೆ ತುಕ್ಕು, ಒಣಗಿದ ಅಂಟು ಹಿಡಿದಿರುತ್ತದೆ. ಅದನ್ನು ತಂತಿ ಬ್ರಷ್ಷಿನಿಂದ ಉಜ್ಜಿಸಿ. ಇಲ್ಲದಿದ್ದರೆ ಟ್ಯೂಬ್‌ಲೆಸ್ ಟೈರ್ ಅಲ್ಲಿಂದಲೇ ದಿನಕ್ಕಿಷ್ಟು ಗಾಳಿ ಬಿಡುತ್ತದೆ. ರಬ್ಬರ್ ವಾಲ್ವ್ ಹೊಸದು ಹಾಕಿಸಿ, ಕಾಫಿ ತಿಂಡಿಯ ಖರ್ಚಿಗಿಂತ ಹೆಚ್ಚಿಲ್ಲ. ಟೈರಿನ ಮೇಲೆ ಬಾಣದ ಗುರುತಿದ್ದರೆ ಅದು ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗಿರಬೇಕು. ‘ಔಟ್‌ಸೈಡ್’ ಎಂದು ಬರೆದಿದ್ದರೆ ಆ ಮಗ್ಗುಲು ಹೊರಗೆ. ಹಳದಿ ಚುಕ್ಕೆ ಇದ್ದರೆ ಅದು ಟೈರಿನ ಹಗುರ ಭಾಗದ ಗುರುತು, ವಾಲ್ವಿನ ಪಕ್ಕಕ್ಕೇ ಬಂದರೆ ಬ್ಯಾಲೆನ್ಸಿಂಗಿಗೆ ಸೀಸದ ತುಂಡು ಕಡಿಮೆ ಸಾಕು.

ಆಮೇಲೆ ಚಕ್ರವನ್ನು ಯಂತ್ರಕ್ಕೇರಿಸಿ ತಿರುಗಿಸುತ್ತಾರೆ. ಪರದೆಯ ಮೇಲೆ ಒಳಬದಿಗೊಂದು, ಹೊರಬದಿಗೊಂದು ಅಂಕಿ ಬರುತ್ತದೆ, 25, 40 ಅಂತ. ಅಷ್ಟು ಗ್ರಾಮಿನ ತುಂಡನ್ನು ರಿಮ್ಮಿಗೆ ಬಡಿದ ಮೇಲೆ ಹೆಚ್ಚಿನವರು ಅಲ್ಲಿಗೇ ಇಳಿಸಿಬಿಡುತ್ತಾರೆ. ಇನ್ನೊಮ್ಮೆ ತಿರುಗಿಸಿ ಎರಡೂ ಸೊನ್ನೆ ಬರುವುದನ್ನು ತೋರಿಸಿ ಅನ್ನಿ. ಅರ್ಧ ನಿಮಿಷದ ಕೆಲಸ. ಬಿಟ್ಟರೆ ಎಂಬತ್ತರ ವೇಗದಲ್ಲಿ ಸ್ಟೇರಿಂಗ್ ನಡುಗುತ್ತದೆ. ಅಲೈನ್‌ಮೆಂಟ್ ಅಂತೂ ಬಿಡಲೇಬಾರದು. ನನ್ನ ಮೊದಲ ಸೆಟ್ಟಿನ ಮುಂದಿನ ಜೋಡಿ ಒಳಅಂಚಿನಲ್ಲಿ ಬೋಳಾಗಿ, ಹೊರಗೆ ನೋಡಿದರೆ ಹೊಸದರಂತೆ ಇತ್ತು.

ಬೀದಿಗಿಳಿದ ಮೇಲೆ ಮೊದಲ ಇನ್ನೂರು ಕಿ.ಮೀ. ಸ್ವಲ್ಪ ಮೆಲ್ಲಗೆ. ಹೊಸ ರಬ್ಬರಿನ ಮೇಲ್ಪದರ ನುಣುಪಾಗಿರುತ್ತದೆ.

ಗಾಳಿ ಎಷ್ಟು ಹಾಕಿಸಬೇಕು? ನೈಟ್ರೋಜನ್ ಬೇಕಾ?

ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಬರೆದಷ್ಟು, ಟೈರ್ ತಣ್ಣಗಿರುವಾಗ. ಟೈರಿನ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅದನ್ನು ನೋಡಿ ತುಂಬಿಸಬೇಡಿ. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ. ಪುಕ್ಕಟೆ ಕೊಟ್ಟರೆ ಹಾಕಿಸಿ, ದುಡ್ಡು ಕೇಳಿದರೆ ಮಾಮೂಲಿ ಗಾಳಿಯನ್ನೇ ಹದಿನೈದು ದಿನಕ್ಕೊಮ್ಮೆ ನೋಡಿಸಿ.

ಗುಂಡಿಗೆ ಬಿದ್ದು ಟೈರ್ ಉಬ್ಬಿದೆ. ವಾರಂಟಿ ಬರುತ್ತಾ, ಇನ್ಶೂರೆನ್ಸ್ ಕೊಡ್ತಾರಾ?

ಉಬ್ಬಿದೆಯೆಂದರೆ ಒಳಗಿನ ದಾರ ತುಂಡಾಗಿದೆ, ರಿಪೇರಿ ಇಲ್ಲ. ಮಗ್ಗುಲಿನ ಪಂಕ್ಚರ್ ಕೂಡ ಹಾಗೆಯೇ. ಮಾಮೂಲಿ ವಾರಂಟಿ ತಯಾರಿಕೆಯ ದೋಷಕ್ಕೆ ಮಾತ್ರ. ಕೆಲವು ಕಂಪನಿಗಳು ಏಟು ಬಿದ್ದದ್ದಕ್ಕೂ ಒಂದು ಅವಧಿಯವರೆಗೆ ಪಾಲು ಕೊಡುತ್ತವೆ, ಕೊಂಡ ಕೆಲವೇ ದಿನದಲ್ಲಿ ಹೆಸರು ನೋಂದಾಯಿಸಬೇಕಾಗುತ್ತದೆ, ಬಿಲ್ ಮಾಡಿಸುವಾಗಲೇ ಕೇಳಿ. ಇನ್ನು ಸಾಮಾನ್ಯ ಕಾಂಪ್ರಹೆನ್ಸಿವ್ ವಿಮೆ ಬರೀ ಟೈರ್ ಹಾಳಾದರೆ ಕೊಡುವುದಿಲ್ಲ. ಅದೇ ಅಪಘಾತದಲ್ಲಿ ಕಾರಿಗೂ ಪೆಟ್ಟಾಗಿದ್ದರೆ ಟೈರಿನ ಬೆಲೆಯಲ್ಲಿ ಅರ್ಧ ಸಿಗುತ್ತದೆ. ಟೈರಿಗೆಂದೇ ಬೇರೆ ಆಡ್-ಆನ್ ಇದೆ. ಹದಿಮೂರು ಇಂಚಿನ ಟೈರಿಗೆ ಅದು ಬೇಡ ಅನ್ನುವುದು ನನ್ನ ಲೆಕ್ಕ.

ಸ್ಟೆಪ್ನಿಯನ್ನೂ ಬದಲಾಯಿಸಬೇಕಾ?

ಓಡದ ಟೈರಿಗೂ ವಯಸ್ಸಾಗುತ್ತದೆ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತೋರಿಸಿ, ಹತ್ತು ವರ್ಷವಾದರೆ ನೋಡಲು ಚೆನ್ನಾಗಿದ್ದರೂ ತೆಗೆಯಿರಿ ಅನ್ನುವುದು ಟೈರ್ ಕಂಪನಿಗಳ ಸಲಹೆ. ಸೆಟ್ ಬದಲಾಯಿಸುವಾಗ ಹಳೆಯ ನಾಲ್ಕರಲ್ಲಿ ಚೆನ್ನಾಗಿರುವುದನ್ನು ಸ್ಟೆಪ್ನಿಗೆ ಇಟ್ಟುಕೊಂಡರೆ ಸಾಕು. ಕೆಲವು ಹೊಸ ಕಾರುಗಳಲ್ಲಿ ಸ್ಟೆಪ್ನಿಯೇ ಇಲ್ಲ. ಟ್ಯೂಬ್‌ಲೆಸ್ ಟೈರ್, ಗಾಳಿ ಕಡಿಮೆಯಾದರೆ ತಿಳಿಸುವ ವ್ಯವಸ್ಥೆ, ಪಂಕ್ಚರ್ ಕಿಟ್ ಇದ್ದರೆ ಅದು ಬೇಕಿಲ್ಲ ಎಂದು 2020ರಲ್ಲಿ ನಿಯಮ ತಿದ್ದಿದ್ದಾರೆ. ರಾತ್ರಿ ಹತ್ತಕ್ಕೆ ಚಾರ್ಮಾಡಿ ಘಾಟಿಯಲ್ಲಿ ಟೈರ್ ಸೀಳಿದರೆ ಆ ಕಿಟ್ ಏನು ಮಾಡುತ್ತದೋ ನಾ ಕಾಣೆ.

ಹಳೇ ಟೈರ್ ಏನು ಮಾಡಲಿ?

ಅಂಗಡಿಯಲ್ಲೇ ಬಿಟ್ಟರೆ ಟೈರಿಗಿಷ್ಟು ಅಂತ ಬಿಲ್ಲಿನಲ್ಲಿ ಕಳೆಯುತ್ತಾರೆ, ಕೇಳಿದರೆ ಮಾತ್ರ. ಪೂರ್ತಿ ಬೋಳಾಗಿದ್ದರೆ ಮಗ್ಗುಲಿಗೊಂದು ಚಾಕು ಹಾಕಿ ಕೊಡಿ, ಇನ್ಯಾರ ಕಾರಿಗೂ ಏರದಿರಲಿ. ಮನೆಗೆ ತಂದು ಹಿತ್ತಿಲಲ್ಲಿ ಎಸೆಯುವುದಂತೂ ಬೇಡ. ಒಂದು ಮಳೆ ಸಾಕು, ಡೆಂಗಿ ಸೊಳ್ಳೆಗೆ ಅದಕ್ಕಿಂತ ಒಳ್ಳೆಯ ತೊಟ್ಟಿಲಿಲ್ಲ. ನನ್ನ ಮೋಸದ ಸೆಟ್ಟಿನ ಒಂದು ಟೈರ್ ಪುತ್ತೂರಿನ ಮನೆಯ ಹಲಸಿನ ಮರದಲ್ಲಿ ಅಕ್ಕನ ಮಕ್ಕಳ ಉಯ್ಯಾಲೆಯಾಗಿದೆ. ನೀರು ನಿಲ್ಲದಂತೆ ಕೆಳಗೆ ಮೂರು ತೂತು ಕೊರೆಸಿದ್ದೇನೆ, ತಯಾರಿಕೆಯ ಅಂಕಿ ಈಗ ಹೊರಮುಖಕ್ಕಿದೆ.